ಮಲ್ಪೆಯ ಬೋಲ್ಟಿನ ಕಂದು ಕಲೆ

ಜೂನ್-ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಮಲ್ಪೆ ದಕ್ಕೆಯಲ್ಲೇ ನಿಂತಿರುತ್ತವೆ. ಆಗ ಮಾವ ಬೋಟಿನಿಂದ ಕಂದು ಕಲೆ ಹಿಡಿದ ಒಂದು ಬೋಲ್ಟ್ ತಂದು ಕೈಗಿಟ್ಟರು. "ತುಕ್ಕು ಹಿಡಿಯದ ಸ್ಟೀಲ್ ಅಂತ ಕೊಟ್ಟದ್ದು. ಇದೆಂತ ನೋಡು ಮಾರಾಯ್ತಿ."

ನನ್ನ ಲ್ಯಾಬಿನಲ್ಲಿ ಸುಲಭಕ್ಕೆ ಸಿಗುವುದು ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಅದಕ್ಕೆ ಜೋಡಿಸಿದ, ಯಾವ ಧಾತು ಎಷ್ಟಿದೆ ಎಂದು ಹೇಳುವ ಇಡಿಎಸ್. ಹೊಳೆಯುವ ಜಾಗ ನೋಡಿದೆ. ಕ್ರೋಮಿಯಂ ಶೇ. 18ರ ಹತ್ತಿರ, ನಿಕಲ್ ಶೇ. 8. ಅಂದರೆ 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಮೋಸವೇನಿಲ್ಲ. ಆದರೆ ಕಲೆ ಯಾಕೆ ಎಂಬುದಕ್ಕೆ ಉತ್ತರವೂ ಇಲ್ಲ. ಸ್ಟೀಲನ್ನು ಕಾಯುವ ಆಕ್ಸೈಡ್ ಪದರ ಬರೀ 1ರಿಂದ 3 ನ್ಯಾನೋಮೀಟರ್ ದಪ್ಪ. ಇಡಿಎಸ್ ಸುಮಾರು ಒಂದು ಮೈಕ್ರಾನ್ ಆಳದವರೆಗಿನದ್ದನ್ನೆಲ್ಲ ಸೇರಿಸಿ ಹೇಳುತ್ತದೆ. ಕೆನೆ ಹೇಗಿದೆ ಎಂದು ಕೇಳಿದರೆ ಪಾತ್ರೆಯ ಹಾಲನ್ನೆಲ್ಲ ಕಲಕಿ ರುಚಿ ನೋಡಿದ ಹಾಗೆ.

ಹಾಗಾಗಿ ಎಕ್ಸ್‌ಪಿಎಸ್‌ಗೆ ಸರದಿ ಹಚ್ಚಿದೆ. ಎಕ್ಸ್-ಕಿರಣ ಬಿಟ್ಟು, ಹೊರಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ವಿಧಾನ ಅದು. ಅಲ್ಲಿಯೂ ಎಕ್ಸ್-ಕಿರಣ ಆಳಕ್ಕೇ ಇಳಿಯುತ್ತದೆ, ಆದರೆ ಶಕ್ತಿ ಕಳೆದುಕೊಳ್ಳದೆ ಹೊರಬರುವ ಎಲೆಕ್ಟ್ರಾನುಗಳು ಮೇಲಿನ 5-10 ನ್ಯಾನೋಮೀಟರಿನವು ಮಾತ್ರ. ಆ ಶಕ್ತಿಯಿಂದ ಎಲೆಕ್ಟ್ರಾನ್ ಪರಮಾಣುವಿಗೆ ಎಷ್ಟು ಬಿಗಿಯಾಗಿ ಅಂಟಿತ್ತು ಎಂದು ತಿಳಿಯುತ್ತದೆ: ಲೋಹದ ಕ್ರೋಮಿಯಂ 574 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಕಂಡರೆ, ಆಕ್ಸೈಡಿನದ್ದು 576-577ರಲ್ಲಿ. ಧಾತು ಯಾವುದು ಎನ್ನುವುದರ ಜೊತೆಗೆ ಅದು ಯಾವ ಸ್ಥಿತಿಯಲ್ಲಿದೆ ಎಂದೂ ಹೇಳುವ ಈ ಗುಣ ನನಗೆ ಇಂದಿಗೂ ರೋಮಾಂಚನ. ಇದನ್ನು ಬೆಳೆಸಿದ ಕೈ ಸೀಗ್‌ಬಾನ್‌ಗೆ 1981ರಲ್ಲಿ ನೊಬೆಲ್ ಬಂತು.

ಬೋಲ್ಟನ್ನು ತೊಳೆಯಲಿಲ್ಲ, ನೀರು ತಾಗಿದರೆ ಕ್ಲೋರೈಡ್ ಹೋಗಿಬಿಡುತ್ತದೆ. ಆರ್ಗಾನ್ ಅಯಾನುಗಳಿಂದ ಕೆರೆಯಲೂ ಬಿಡಲಿಲ್ಲ. ಆ ಹೊಡೆತಕ್ಕೆ ಕಬ್ಬಿಣದ ಆಕ್ಸೈಡಿನ ಸ್ಥಿತಿಯೇ ಬದಲಾಗುತ್ತದೆ. ಹೊಳೆಯುವ ಕಡೆ ಕ್ರೋಮಿಯಂ ಆಕ್ಸೈಡ್ ಚೆನ್ನಾಗಿಯೇ ಇತ್ತು. ಕಲೆಯ ಮೇಲೆ ಕಬ್ಬಿಣ 711ರಲ್ಲಿ, ಜೊತೆಗೇ 199ರ ಸುತ್ತ ಕ್ಲೋರಿನ್. ಕಡಲಿನ ಉಪ್ಪು.

ಯಾವ ಬಗೆಯ ತುಕ್ಕು? ಹೆಚ್ಚಿನ ತುಕ್ಕುಗಳೆಲ್ಲ 711ರ ಆಸುಪಾಸಿನಲ್ಲೇ ಕೂರುವುದರಿಂದ ಎಕ್ಸ್‌ಪಿಎಸ್ ಇಲ್ಲಿ ಕೈಚೆಲ್ಲುತ್ತದೆ. ಕಲೆ ದಪ್ಪಗಿದ್ದ ಕಾರಣ ರಾಮನ್ ಸಾಕಾಯಿತು, ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತುವನ್ನು ಗುರುತಿಸುವ ವಿಧಾನ. ಲೇಸರನ್ನು ಆದಷ್ಟು ಮಂದ ಇಟ್ಟೆ, ಬಿಸಿಯಾದರೆ ಯಾವ ತುಕ್ಕಾದರೂ ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಆಕ್ಸೈಡ್ ಆಗಿ ಸುಳ್ಳು ಸಾಕ್ಷಿ ಹೇಳುತ್ತದೆ. ಸಿಕ್ಕಿದ್ದು ಲೆಪಿಡೋಕ್ರೋಸೈಟ್ ಎಂಬ ಬಗೆಯ ತುಕ್ಕು, ಜೊತೆಗೆ ಕ್ಲೋರೈಡ್ ಇದ್ದಲ್ಲಿ ಹುಟ್ಟುವ ಅಕಗನೈಟ್.

ಮಾವ ಈಗ ಉಪ್ಪನ್ನು ಹೆಚ್ಚು ತಾಳುವಂತೆ ಮಾಲಿಬ್ಡಿನಂ ಸೇರಿಸಿದ 316 ಸ್ಟೀಲಿನ ಬೋಲ್ಟ್ ಹಾಕಿಸಿದ್ದಾರೆ. ಹಳೆಯದ್ದು ತೇವ ತಾಗದಂತೆ ಇಡುವ ನನ್ನ ಡೆಸಿಕೇಟರಿನಲ್ಲೇ ಉಂಟು. ಕಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿಗಳಿವೆ, ಎಕ್ಸ್‌ಪಿಎಸ್ ಬೆಳಕಿನ ಚುಕ್ಕೆ ಅವಕ್ಕಿಂತ ದೊಡ್ಡದು. ಅವನ್ನು, ತೀರ ಸಣ್ಣ ಚುಕ್ಕೆಯ ಎಲೆಕ್ಟ್ರಾನ್ ಕಿರಣ ಬಳಸುವ ಓಜೆ ಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿಯಲ್ಲೇ ನೋಡಬೇಕು.