ಟ್ರೇಲರ್ ಮನೆಯ ಬಾಗಿಲು ಮತ್ತು ಅದರ ಮುರಿದ ಲ್ಯಾಚ್

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಬಳಿಕ ನಮ್ಮ ಕಾಸರಗೋಡಿನ ಕಡೆಯಲ್ಲಿಯೂ ಗಾಲಿಯ ಮೇಲಿನ ಮನೆಗಳ ಬಗ್ಗೆ ಮಾತು ಕೇಳಿಬರತೊಡಗಿತು. ಅವುಗಳಲ್ಲಿ ಹೆಚ್ಚಿನವು ಸ್ವಂತ ಎಂಜಿನ್ ಇರುವ ವಾಹನಗಳು. ಬೇಕಲದ ಉತ್ತರಕ್ಕೆ ಕಡಲಿನ ಹತ್ತಿರದ ತೆಂಗಿನ ತೋಟದಲ್ಲಿ ಹೋಂಸ್ಟೇ ನಡೆಸುವ ನನ್ನ ಸೋದರತ್ತೆಯ ಮಗ ಕಟ್ಟಿಸಿಕೊಂಡದ್ದು ಮಾತ್ರ ಎಂಜಿನ್ ಇಲ್ಲದ, ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಟ್ರೇಲರ್. ವರ್ಷದ ಹೆಚ್ಚಿನ ಕಾಲ ಅದು ತೋಟದಲ್ಲಿಯೇ ಅತಿಥಿಗಳ ಕೋಣೆಯಾಗಿ ನಿಂತಿರುತ್ತದೆ. ಆಗೊಮ್ಮೆ ಈಗೊಮ್ಮೆ ರಾಣಿಪುರದ ಬೆಟ್ಟದ ಕಡೆಗೋ ಮಡಿಕೇರಿಗೋ ಪ್ರಯಾಣ ಹೊರಡುತ್ತದೆ. ಅದರ ಬಾಗಿಲಿನ ಲ್ಯಾಚ್ ಮುರಿದಾಗ ಭಾವ ಬಾಗಿಲು ತೆರೆಯಲಾಗುತ್ತಿಲ್ಲವೆಂದು ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಬಾಗಿಲು ತೆಗವಲೆ ಎಡಿತ್ತಿಲ್ಲೆ ಭಾವ, ಹಿಡಿ ಮಾತ್ರ ಸುಮ್ಮನೆ ಮೇಲೆ ಕೆಳಗೆ ಹೋವುತ್ತು."

ಈ ಮಾತಿನಲ್ಲಿಯೇ ರೋಗದ ಅರ್ಧ ಲಕ್ಷಣ ಇತ್ತು. ಇಂತಹ ಬಾಗಿಲಿನ ಲ್ಯಾಚಿನಲ್ಲಿ ಹೊರಗಿನ ಅಗಲವಾದ ಹಿಡಿಯನ್ನು ಎತ್ತಿದಾಗ ಒಳಗಿನ ಸಣ್ಣ ಲಿವರ್ ಒಂದು ತಿರುಗಿ, ಸ್ಪ್ರಿಂಗಿನ ಒತ್ತಡವನ್ನು ಮೀರಿ, ಬಾಗಿಲನ್ನು ಹಿಡಿದಿಡುವ ನಾಲಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಒಳಗಿನ ಹಿಡಿಯೂ ಅದೇ ನಾಲಗೆಯನ್ನು ಬೇರೊಂದು ದಾರಿಯಿಂದ ಎಳೆಯುತ್ತದೆ. ಕೀಲಿಕೈಯಿಂದ ತಿರುಗಿಸುವ ಗಟ್ಟಿ ಬೋಲ್ಟು ಇವೆರಡಕ್ಕೂ ಸಂಬಂಧವಿಲ್ಲದೆ ಪ್ರತ್ಯೇಕವಾಗಿರುತ್ತದೆ. ಹಿಡಿ ಯಾವ ತಡೆಯೂ ಇಲ್ಲದೆ ಆಡುತ್ತಿದೆ, ಆದರೆ ನಾಲಗೆ ಅಲುಗುವುದಿಲ್ಲ ಎಂದಾದರೆ ಮುರಿದಿರುವುದು ಲಿವರ್ ಎಂದು ಬಾಗಿಲನ್ನು ನೋಡದೆಯೇ ಹೇಳಬಹುದು. ಹಿಡಿ ಎತ್ತಿದರೆ ನಾಲಗೆ ಒಳಗೆ ಹೋಗಿ ಮತ್ತೆ ಹೊರಗೆ ಬಾರದಿದ್ದರೆ ಸ್ಪ್ರಿಂಗ್ ಹೋಗಿರುತ್ತದೆ. ಹಿಡಿಯೇ ಬಿಗಿಯಾಗಿ ಕುಳಿತಿದ್ದರೆ ನಾಲಗೆ ತಾನು ಹೊಕ್ಕು ಕೂರುವ ದಾರಂದದ (ಬಾಗಿಲಿನ ಚೌಕಟ್ಟಿನ) ತಗಡಿನ ತೂತಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ.

ಮೊದಲು ಬಾಗಿಲು ತೆರೆಯಬೇಕಲ್ಲವೇ? ಟ್ರೇಲರಿನ ಬಾಗಿಲು ಹೊರಕ್ಕೆ ತೆರೆಯುವುದರಿಂದ ನಾಲಗೆಯ ಓರೆ ಮುಖ ಒಳಗಿನ ಕಡೆಗೆ ಇರುತ್ತದೆ. ಆದ್ದರಿಂದ ಹೊರಗಿನಿಂದ ಸಂದಿಯಲ್ಲಿ ತೆಳುವಾದ ತಗಡನ್ನು ತೂರಿಸಿ ನಾಲಗೆಯನ್ನು ಒತ್ತುತ್ತೇನೆ ಎನ್ನುವವರು ತಗಡನ್ನೂ ರಬ್ಬರ್ ಬೀಡಿಂಗನ್ನೂ ಹಾಳು ಮಾಡುತ್ತಾರೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಲ್ಯಾಚನ್ನು ಹಿಡಿದಿರುವ ಸ್ಕ್ರೂಗಳ ತಲೆಗಳೂ ಒಳಗಿನ ಬದಿಯಲ್ಲಿಯೇ ಇರುತ್ತವೆ. ಹೊರಗೆ ನಿಂತವನ ಕೈಗೆ ಅವು ಸಿಗುವುದಿಲ್ಲ. ಕಿಟಕಿಯ ಮೂಲಕ ಒಬ್ಬರನ್ನು ಒಳಗೆ ಇಳಿಸಿ ಒಳಹಿಡಿಯಿಂದ ತೆರೆಯುವುದೇ ಸರಿಯಾದ ಉಪಾಯ. ಭಾವನ ಮಗಳು ತೆಳ್ಳಗಿರುವುದು ಅಂದು ಉಪಕಾರಕ್ಕೆ ಬಂತು.

ಲ್ಯಾಚನ್ನು ಕಳಚಿದಾಗ ಲಿವರ್ ನಡುವಿನಲ್ಲಿ ತುಂಡಾಗಿತ್ತು. ಮುರಿದ ಜಾಗ ಬೂದು ಬಣ್ಣದ ಹರಳು ಹರಳಾಗಿ ಕಾಣುತ್ತಿದ್ದುದರಿಂದ ಅದು ಸತುವಿನ ಎರಕ ಎಂದು ತಿಳಿಯಿತು. ಇಂತಹ ಎರಕಕ್ಕೆ ಸಾಮಾನ್ಯವಾಗಿ ಬಳಸುವ ಮಿಶ್ರಲೋಹದಲ್ಲಿ ಸತುವಿನೊಂದಿಗೆ ಶೇಕಡಾ 4ರಷ್ಟು ಅಲ್ಯೂಮಿನಿಯಂ ಇರುತ್ತದೆ, ಮತ್ತು ಅದು ಸುಮಾರು 380ರಿಂದ 390 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುತ್ತದೆ. ವೆಲ್ಡಿಂಗ್ ಅಂಗಡಿಗೆ ಒಯ್ದರೆ ಅದು ಕೂಡುವುದಿಲ್ಲ, ಕರಗಿ ಹನಿಯಾಗಿ ಬೀಳುತ್ತದೆ. ಎರಡು ಬಗೆಯ ಅಂಟನ್ನು ಕಲಸಿ ಹಚ್ಚಿ ಜೋಡಿಸಬಹುದು, ಆದರೆ ಪ್ರತಿಸಲ ಹಿಡಿ ಎತ್ತಿದಾಗಲೂ ಬಾಗುವ ಒತ್ತಡ ಬೀಳುವ ಇಷ್ಟು ಸಣ್ಣ ತುಂಡಿನಲ್ಲಿ ಅಂಟು ಬಹಳ ಕಾಲ ನಿಲ್ಲುವುದಿಲ್ಲ.

ಇಲ್ಲಿಗೆ ಹೊಸ ಲ್ಯಾಚ್ ತರಿಸಿ ಹಾಕಿ ಕೆಲಸ ಮುಗಿಸುವುದು ಸುಲಭವಾಗಿತ್ತು. ಭಾವನ ಮನಸ್ಸಿನಲ್ಲಿಯೂ ಅದೇ ಇತ್ತು. ಆದರೆ ಇದೇ ಬಾಗಿಲಿನಲ್ಲಿ ಇದಕ್ಕೆ ಮೊದಲೂ ಒಂದು ಲ್ಯಾಚ್ ಮುರಿದು ಬದಲಾಗಿತ್ತೆಂದು ಮಾತಿನ ನಡುವೆ ತಿಳಿದಾಗ ನಾನು ಲ್ಯಾಚನ್ನು ಬದಿಗಿಟ್ಟು ದಾರಂದವನ್ನು ನೋಡಲು ಹೊರಟೆ. ಒಂದು ಲ್ಯಾಚ್ ಮುರಿದರೆ ಅದು ಲ್ಯಾಚಿನ ದೋಷವಿರಬಹುದು. ಒಂದೇ ಜಾಗದಲ್ಲಿ ಮತ್ತೊಮ್ಮೆ ಮುರಿದರೆ ಬಾಗಿಲೇ ಅದನ್ನು ಮುರಿಯುತ್ತಿದೆ ಎಂದು ತಿಳಿಯಬೇಕು.

ನಾಲಗೆ ಎಲ್ಲಿ ತಾಗುತ್ತದೆ ಎಂದು ನೋಡಲು ಎಣ್ಣೆಯಲ್ಲಿ ಕಲಸಿದ ಕುಂಕುಮ ಸಾಕು. ಲ್ಯಾಚನ್ನು ಮತ್ತೆ ಬಾಗಿಲಿಗೆ ಕೂರಿಸಿ, ಕುಂಕುಮವನ್ನು ನಾಲಗೆಗೆ ಹಚ್ಚಿ, ಒಳಹಿಡಿಯನ್ನು ಬಳಸಿ ಬಾಗಿಲನ್ನು ನಿಧಾನವಾಗಿ ಮುಚ್ಚಿ ತೆರೆದಾಗ ಗುರುತು ದಾರಂದದ ತಗಡಿನ ತೂತಿನ ಒಳಗೆ ಬೀಳುವ ಬದಲು ಅದರ ಕೆಳಗಿನ ಅಂಚಿನ ಮೇಲೆ ಬಿದ್ದಿತ್ತು. ಅಂದರೆ ನಾಲಗೆ ತೂತಿನೊಳಗೆ ಸಲೀಸಾಗಿ ಇಳಿಯದೆ ಅಂಚನ್ನು ಉಜ್ಜುತ್ತಾ ಹೋಗಿ ಕೂರುತ್ತಿತ್ತು. ಅತಿಥಿಗಳು ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲವೆಂದು ಜೋರಾಗಿ ದೂಡುತ್ತಿದ್ದರು, ತೆರೆಯುವಾಗ ಹಿಡಿಯನ್ನು ಬಲವಾಗಿ ಎಳೆಯುತ್ತಿದ್ದರು. ಆ ಬಲವೆಲ್ಲ ಬೆರಳುಗಾತ್ರವೂ ಇಲ್ಲದ ಸತುವಿನ ಲಿವರಿನ ಮೇಲೆ ಬೀಳುತ್ತಿತ್ತು.

ನಾಲಗೆ ಕೆಳಗಾದದ್ದೋ, ತೂತು ಮೇಲಾದದ್ದೋ? ಬಿಜಾಗ್ರಿಗಳ ಪಿನ್ನು ಸವೆದಿರಲಿಲ್ಲ. ಹಾಗಾಗಿ ಟೇಪು ಹಿಡಿದು ದಾರಂದದ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದೆವು. ಆಯತ ಸರಿಯಾಗಿದ್ದರೆ ಎರಡೂ ಅಳತೆ ಸಮನಾಗಿರಬೇಕು. ಇಲ್ಲಿ ಹೆಚ್ಚುಕಡಿಮೆ 6 ಮಿಲಿಮೀಟರ್ ವ್ಯತ್ಯಾಸ ಬಂತು. ಕಾರಣ ಟ್ರೇಲರಿನ ನಾಲ್ಕು ಮೂಲೆಗಳ ಜಾಕಿಗಳಲ್ಲಿತ್ತು. ಮುರಕಲ್ಲಿನ ನೆಲ ಒಂದು ಬದಿಗೆ ಇಳಿಜಾರಾಗಿರುವುದರಿಂದ ಮನೆಯನ್ನು ಮಟ್ಟ ಮಾಡಲು ಆ ಬದಿಯ ಹಿಂದಿನ ಜಾಕಿಯನ್ನು ತಿರುಗಿಸಿ ತಿರುಗಿಸಿ ಇಡೀ ಮೂಲೆಯನ್ನೇ ಎತ್ತಲಾಗಿತ್ತು. ಮೂಲೆಯ ಜಾಕಿಗಳು ಇರುವುದು ಒಳಗೆ ನಡೆದಾಡುವಾಗ ಮನೆ ಅಲುಗದಿರಲಿ ಎಂದು ಮಾತ್ರ. ಭಾರ ಎತ್ತುವುದು ಅವುಗಳ ಕೆಲಸವಲ್ಲ. ಒಂದು ಮೂಲೆಯನ್ನು ಎತ್ತಿದರೆ ಕೆಳಗಿನ ಚೌಕಟ್ಟು ತಿರುಚಿಕೊಳ್ಳುತ್ತದೆ, ಮತ್ತು ಇಡೀ ಗೋಡೆಯಲ್ಲಿ ಅತಿ ದೊಡ್ಡ ತೆರಪು ಬಾಗಿಲೇ ಆಗಿರುವುದರಿಂದ ಆ ತಿರುಚು ಮೊದಲು ಕಾಣುವುದು ಅಲ್ಲಿಯೇ. ಜಾಕಿಯನ್ನು ಇಳಿಸಿ ಅಳೆದಾಗ ಕರ್ಣಗಳ ವ್ಯತ್ಯಾಸ ಬಹುಪಾಲು ಮಾಯವಾಯಿತು. ಭಾವ ಸ್ವಲ್ಪ ಹೊತ್ತು ಟೇಪನ್ನೇ ನೋಡುತ್ತಾ ನಿಂತರು.

ಇಷ್ಟಾದರೂ ಕುಂಕುಮದ ಗುರುತು ಪೂರ್ತಿ ಸರಿಯಾದ ಜಾಗಕ್ಕೆ ಬರಲಿಲ್ಲ, ಏಕೆಂದರೆ ದಾರಂದದ ತಗಡು ತಾನೇ ಸಡಿಲವಾಗಿತ್ತು. ಇದು ಕಡಲಕರೆಯವರೆಲ್ಲ ತಿಳಿದಿರಬೇಕಾದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಗಡು ಸ್ಟೇನ್‌ಲೆಸ್ ಸ್ಟೀಲಿನದು. ಅದನ್ನು ಹಿಡಿದಿದ್ದವು ಅಲ್ಯೂಮಿನಿಯಂ ಪಾಪ್ ರಿವಿಟ್‌ಗಳು, ಅಂದರೆ ತೂತಿನಲ್ಲಿ ಕೂರಿಸಿ ಬಿಗಿಯುವ ಟೊಳ್ಳು ಮೊಳೆಗಳು. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು ಅವುಗಳ ಮೇಲೆ ಉಪ್ಪಿನ ತೇವ ಕುಳಿತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ, ಉಳಿಯುವುದು ಸ್ಟೀಲ್. ಎಷ್ಟು ಬೇಗ ಸವೆಯುತ್ತದೆ ಎಂಬುದು ಎರಡರ ಗಾತ್ರವನ್ನು ಅವಲಂಬಿಸಿದೆ. ದೊಡ್ಡ ಅಲ್ಯೂಮಿನಿಯಂ ಹಾಳೆಯಲ್ಲಿ ಸಣ್ಣ ಸ್ಟೀಲ್ ಸ್ಕ್ರೂ ಇದ್ದರೆ ಸವೆತ ಹಾಳೆಯಲ್ಲೆಲ್ಲ ಹಂಚಿಹೋಗಿ ನಿಧಾನವಾಗುತ್ತದೆ. ದೊಡ್ಡ ಸ್ಟೀಲ್ ತಗಡಿನಲ್ಲಿ ಸಣ್ಣ ಅಲ್ಯೂಮಿನಿಯಂ ರಿವಿಟ್ ಇದ್ದರೆ ಇಡೀ ತಗಡಿನ ಹೊರೆಯನ್ನು ಆ ರಿವಿಟ್ ಒಂದೇ ಹೊರಬೇಕಾಗುತ್ತದೆ. ಇಲ್ಲಿ ನಡೆದದ್ದು ಎರಡನೆಯದು. ರಿವಿಟ್‌ಗಳ ತಲೆಯ ಸುತ್ತ ಬಿಳಿಯ ಪುಡಿ ಕಟ್ಟಿತ್ತು, ಉಗುರಿನಿಂದ ಕೆರೆದರೆ ಒಂದರ ತಲೆ ಕಳಚಿಯೇ ಬಂತು. ನೆಂಟರ ಮನೆಯ ಅಲ್ಯೂಮಿನಿಯಂ ಕಿಟಕಿಗಳಲ್ಲಿಯೂ ಇಂತಹ ಬಿಳಿ ಪುಡಿಯನ್ನು ನಾನು ಕಂಡಿದ್ದೇನೆ. ಹೆಚ್ಚಿನವರು ಅದನ್ನು ಸುಣ್ಣ ಎಂದುಕೊಂಡು ಒರೆಸಿಬಿಡುತ್ತಾರೆ.

ಹಳೆಯ ರಿವಿಟ್‌ಗಳನ್ನು 4.8 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದು ತೆಗೆದೆವು. ತೂತುಗಳು ಅಗಲವಾಗಿದ್ದುದರಿಂದ ಮತ್ತೆ ರಿವಿಟ್ ಹೊಡೆಯುವುದು ನನಗೆ ಸರಿ ಕಾಣಲಿಲ್ಲ. ತಗಡಿಗೂ ಅಲ್ಯೂಮಿನಿಯಂ ದಾರಂದಕ್ಕೂ ನಡುವೆ ಸೈಕಲ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ಇಟ್ಟು, 5 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಕ್ರೂಗಳನ್ನು ಹಾಕಿ, ಹಿಂದಿನಿಂದ ನೈಲಾನ್ ಉಂಗುರವಿರುವ ನಟ್ಟುಗಳಿಂದ ಬಿಗಿದೆವು. ಸಾಮಾನ್ಯ ನಟ್ಟು ರಸ್ತೆಯ ಅದುರಿಗೆ ಬಿಚ್ಚಿಕೊಳ್ಳುತ್ತದೆ. ತಗಡಿನ ತೂತಿನ ಕೆಳಗಿನ ಅಂಚನ್ನು ಅರದಿಂದ ತುಸು ಉಜ್ಜಿದ ಮೇಲೆ ನಾಲಗೆ ಸದ್ದಿಲ್ಲದೆ ಒಳಗೆ ಇಳಿಯತೊಡಗಿತು.

ಲಿವರಿನ ವಿಷಯಕ್ಕೆ ಮರಳುವುದಾದರೆ, ಇಂತಹ ಬಿಡಿ ಭಾಗಗಳು ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಅಂಗಡಿಯ ಕಪಾಟಿನಲ್ಲಿ ದೊರೆಯುವಂತಹವಲ್ಲ. ಬದಿಯಡ್ಕದ ಲೇತ್ ಅಂಗಡಿಯೊಂದಕ್ಕೆ ಮುರಿದ ಎರಡು ತುಂಡುಗಳನ್ನು ಒಯ್ದು ಕೊಟ್ಟೆ. ಅಲ್ಲಿನವರು ಅವುಗಳನ್ನು ಕಾಗದದ ಮೇಲೆ ಜೋಡಿಸಿ ಗೆರೆ ಎಳೆದು, 3 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಪಟ್ಟಿಯಿಂದ ಹೊಸ ಲಿವರನ್ನು ಕತ್ತರಿಸಿ ಅರ ಹಾಕಿ ಕೊಟ್ಟರು. ಮೂಲ ಭಾಗಕ್ಕಿಂತ ತೆಳ್ಳಗಿರುವುದರಿಂದ ಎರಡೂ ಬದಿಗೆ ನೈಲಾನ್ ವಾಷರ್ ಬೇಕಾಯಿತು. ಸ್ಟೀಲನ್ನು ಸತುವಿನ ಪೆಟ್ಟಿಗೆಯೊಳಗೆ ಇಟ್ಟರೆ ಮೇಲೆ ಹೇಳಿದ ಅದೇ ತೊಂದರೆ ಬಾರದೇ ಎಂದು ಕೇಳಿದರೆ, ಇಲ್ಲಿ ಸ್ಟೀಲ್ ಸಣ್ಣದು, ಸತು ದೊಡ್ಡದು, ನಡುವೆ ನೈಲಾನ್ ಇದೆ ಎಂಬುದು ನನ್ನ ಉತ್ತರ.

ಪೂರ್ತಿ ಹೊಸ ಲ್ಯಾಚನ್ನೇ ತರಿಸುವವರು ಬ್ರಾಂಡನ್ನು ನೋಡುವ ಮೊದಲು ಬಾಗಿಲಿನ ದಪ್ಪವನ್ನೂ ಲ್ಯಾಚ್ ಕೂರುವ ತೆರಪನ್ನೂ ಅಳೆಯಬೇಕು. ಅಮೆರಿಕದ ಮಾದರಿಯ ಬಾಗಿಲುಗಳಲ್ಲಿ ಆ ತೆರಪು ಸಾಮಾನ್ಯವಾಗಿ 2¾ ಇಂಚು ಅಗಲ, 3¾ ಇಂಚು ಎತ್ತರ ಇರುತ್ತದೆ. ಹೊರದೇಶದ ಬಾಗಿಲನ್ನು ಚೌಕಟ್ಟು ಸಮೇತ ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳಲ್ಲಿ ಟ್ರೇಲರಿನ ಬಾಗಿಲು ಬಲಗಡೆ ಇರುತ್ತದೆ. ನಮಗೆ ಅದು ಎಡಗಡೆ ಬೇಕು. ಬಲಗಡೆಯಲ್ಲಿ ಮುಂದಕ್ಕೆ ಬಿಜಾಗ್ರಿ ಇರುವ ಬಾಗಿಲನ್ನು ಹಾಗೆಯೇ ಎಡಗಡೆಗೆ ತಂದು ಕೂರಿಸಿದರೆ ಬಿಜಾಗ್ರಿ ಹಿಂದಕ್ಕೆ ಬರುತ್ತದೆ. ಆಗ ಓಡುವಾಗ ಲ್ಯಾಚ್ ಬಿಟ್ಟರೆ ಗಾಳಿ ಬಾಗಿಲನ್ನು ಮುಚ್ಚುವ ಬದಲು ಕಿತ್ತು ಹಾಕುತ್ತದೆ. ಭಾವನ ಟ್ರೇಲರಿನಲ್ಲಿ ಬಿಜಾಗ್ರಿ ಮುಂದೆಯೇ ಇದೆ, ಪುಣ್ಯ. ಆದರೂ ಎಳೆದೊಯ್ಯುವಾಗ ಲ್ಯಾಚನ್ನು ಮಾತ್ರ ನಂಬದೆ ಕೀಲಿಕೈಯ ಬೋಲ್ಟನ್ನೂ ಹಾಕಲೇಬೇಕು.

ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಯಾವ ಬೀಗ ಬಿಗಿಯಾದರೂ ಮೊದಲು ಬರುವುದು ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುವ ಎಣ್ಣೆ. ರಾಣಿಪುರದ ಚಳಿಯ ಬೆಳಗಿನಲ್ಲಿ ಲ್ಯಾಚಿನ ಒಳಗೆ ಅದು ಬೆಣ್ಣೆಯಾಗಿ ಕುಳಿತಿರುತ್ತದೆ, ಬಯಲಿನಲ್ಲಿ ಧೂಳನ್ನು ಹಿಡಿದಿಡುತ್ತದೆ. ಬೀಗಕ್ಕೆ ಗ್ರಾಫೈಟ್ ಪುಡಿ ಉತ್ತಮ ಎನ್ನುವವರ ಮಾತು ಒಳನಾಡಿಗೆ ಸರಿ. ಕಡಲಬದಿಯಲ್ಲಿ ನಾನು ಅದನ್ನು ಹಾಕುವುದಿಲ್ಲ, ಏಕೆಂದರೆ ಉಪ್ಪಿನ ತೇವದಲ್ಲಿ ಗ್ರಾಫೈಟ್ ಕೂಡ ಸ್ಟೀಲಿನಂತೆಯೇ ಅಲ್ಯೂಮಿನಿಯಂ ಮತ್ತು ಸತುವನ್ನು ಸವೆಸುತ್ತದೆ. ಸಿಲಿಕೋನ್ ಸ್ಪ್ರೇ ಸಾಕು, ಅದೂ ಸ್ವಲ್ಪವೇ.

ಈಗ ಟ್ರೇಲರನ್ನು ನಿಲ್ಲಿಸುವ ಕ್ರಮವೂ ಬದಲಾಗಿದೆ. ಮೊದಲು ಇಳಿಜಾರಿನ ಬದಿಯ ಚಕ್ರದ ಅಡಿಗೆ ಹಲಗೆ ಇಟ್ಟು ಎಡಬಲದ ಮಟ್ಟ ನೋಡುತ್ತಾರೆ, ಬಳಿಕ ಮುಂದಿನ ಸಣ್ಣ ಚಕ್ರವನ್ನು ಏರಿಸಿ ಇಳಿಸಿ ಹಿಂದುಮುಂದಿನ ಮಟ್ಟ ಸರಿಮಾಡುತ್ತಾರೆ, ಕೊನೆಗೆ ಮೂಲೆಯ ಜಾಕಿಗಳನ್ನು ನೆಲಕ್ಕೆ ತಾಗುವಷ್ಟು ಮಾತ್ರ ಇಳಿಸುತ್ತಾರೆ. ಬಾಗಿಲಿನ ರಬ್ಬರ್ ಬೀಡಿಂಗ್ ಮಾತ್ರ ಇನ್ನೂ ಹಳೆಯದೇ. ಕಾಗದದ ಪಟ್ಟಿಯೊಂದನ್ನು ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿದಾಗ ಮೇಲಿನ ಮೂಲೆಯಲ್ಲಿ ಅದು ತಡೆಯಿಲ್ಲದೆ ಜಾರಿ ಬರುತ್ತದೆ, ಅಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ತೇವವಿರುವ ಅಲ್ಯೂಮಿನಿಯಂ ಮೇಲೆ ಹೊಸ ಬೀಡಿಂಗಿನ ಅಂಟು ಹಿಡಿಯುವುದಿಲ್ಲವಾದ್ದರಿಂದ ಆ ಕೆಲಸವನ್ನು ತುಲಾಮಳೆ (ಹಿಂಗಾರು) ಪೂರ್ತಿ ನಿಂತ ಮೇಲೆ ಮಾಡುವುದೆಂದು ಭಾವನಿಗೆ ಹೇಳಿದ್ದೇನೆ.