ನಡಾವಳಿ ಪುಸ್ತಕವನ್ನು ಓದಿದ ತಾಯಿ

ಇಂದು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಮುಗಿಯುವ ಹೊತ್ತಿಗೆ, ಕೈಯಿಂದ ಕೈಗೆ ದಾಟುತ್ತಿದ್ದ ನಡಾವಳಿ ಪುಸ್ತಕವು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯ ಬಳಿ ನಿಂತುಬಿಟ್ಟಿತು.

ಉಳಿದವರೆಲ್ಲ ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದರು. ಈಕೆ ಮಾತ್ರ ಠರಾವುಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಓದಿ, "ಸರ್, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ ಅಂತ ನಾನು ಹೇಳಿದ್ದು ಇದರಲ್ಲಿ ಬಂದಿಲ್ಲವಲ್ಲ?" ಎಂದು ಕೇಳಿದರು. ಮುಖ್ಯೋಪಾಧ್ಯಾಯರು ಬೇಸರಿಸದೆ ಅದನ್ನೂ ಬರೆದುಕೊಂಡರು.

ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲಿಯೇ ಆರಂಭವಾದವು. ಅನಂತರ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದೂ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿ, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಮತ್ತು ಅನುದಾನದ ಬಳಕೆಯ ಮೇಲೆ ಕಣ್ಣಿಡುವ ಕೆಲಸವನ್ನು ಅವರಿಗೆ ವಹಿಸಿತು. ಹೀಗಿದ್ದೂ ಶಾಲೆಗೂ ಊರಿಗೂ ಇರುವ ನಂಟೆಂದರೆ ದಾನಿಗಳು ಕೊಟ್ಟ ಫ್ಯಾನು, ಅದರ ರೆಕ್ಕೆಯ ಮೇಲೆ ಬರೆಸಿದ ಹೆಸರು (ಅಕ್ಷರ ಮಾತ್ರ ಯಾವಾಗಲೂ ದೊಡ್ಡದೇ) ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ.

ಕೂಲಿಗೆ ಹೋಗುವ ತಾಯಂದಿರು ಮಧ್ಯಾಹ್ನದ ಸಭೆಗೆ ಬರಬೇಕಾದರೆ ಅರ್ಧ ದಿನದ ದುಡಿಮೆಯನ್ನು ಬಿಡಬೇಕಾಗುತ್ತದೆ. ಸಂಜೆ ಐದೂವರೆಗೆ ಸಭೆ ಇಡುವುದು ಅಷ್ಟೇನೂ ಕಷ್ಟವಲ್ಲವೆಂದು ನನಗನ್ನಿಸುತ್ತದೆ. ನಿಮ್ಮೂರಿನಲ್ಲಿ ಯಾವ ಹೊತ್ತಿಗೆ ಇಡುತ್ತಾರೆ?