ಕಡಕ್ ರೊಟ್ಟಿಗೆ ಬೇರೆ ಚೀಲ: ಇಲ್ಲಿವರೆಗೆ ಆಗಿದ್ದು

ವಿಜಯಪುರದಲ್ಲಿ ನಮ್ಮ ವೈನಿ ಮನೆಯಲ್ಲೇ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಇಷ್ಟು ದಿನ ಎರಡಕ್ಕೂ ಒಳಗೆ ಬೆಳ್ಳಿಯಂತೆ ಹೊಳೆಯುವ ಚೀಲವೇ. ಅದನ್ನು ಬಿಟ್ಟು, ಗುಜರಿಯವರು ದುಡ್ಡು ಕೊಟ್ಟು ಒಯ್ಯುವಂಥ ಚೀಲ ಹುಡುಕುವುದು ಈಗ ನನ್ನ ಕೆಲಸ.

ಗುಜರಿ ಅಂಗಡಿಯ ಕಾಕಾ ಚೀಲ ಮುಟ್ಟಿ ನೋಡಿ, "ಹಾಲಿನ ಪಾಕೀಟ ಕೊಡ್ರಿ, ತಗೋತೀನಿ. ಇದನ್ನ ಯಾರೂ ತಗೊಳ್ಳಂಗಿಲ್ರಿ" ಅಂದರು. ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥಿನ್ ಪದರಗಳನ್ನು ಅಂಟಿಸಿ ಮಾಡಿದ ಚೀಲ ಅದು. ಬಿಡಿಸೋಕೆ ಬರೋದಿಲ್ಲ, ಒಟ್ಟಿಗೆ ಕರಗಿಸಿದರೆ ಕೆಲಸಕ್ಕೆ ಬರೋದಿಲ್ಲ. ಯಾರಾದರೂ ಆರಿಸಿ ಕಳಿಸಿದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಅದನ್ನು ಮರುಬಳಕೆ ಅನ್ನೋಕೆ ನನಗೆ ಮನಸ್ಸಿಲ್ಲ.

ಆಮೇಲೆ ಹೊಳೆದದ್ದು, ಎರಡಕ್ಕೂ ಒಂದೇ ಚೀಲ ಯಾಕೆ ಬೇಕು? ರೊಟ್ಟಿಗೆ ಆಗದ್ದು ತೇವ. ಚಟ್ನಿಪುಡಿಗೆ ಆಗದ್ದು ಗಾಳಿ, ಶೇಂಗಾದ ಎಣ್ಣೆಗೆ ಆಮ್ಲಜನಕ ತಾಗಿದರೆ ಕಮಟು ವಾಸನೆ ಬರುತ್ತದೆ. ಪಾಲಿಥಿನ್ ಗಾಳಿಯನ್ನು ಅಷ್ಟಾಗಿ ತಡೆಯೋದಿಲ್ಲ, ಆದರೆ ತೇವವನ್ನು ಚೆನ್ನಾಗಿ ತಡೆಯುತ್ತದೆ. ಅಂದರೆ ರೊಟ್ಟಿಗೆ ಅಲ್ಯೂಮಿನಿಯಂ ಬೇಕಾಗೇ ಇಲ್ಲ!

ನಮ್ಮೂರಿನ ಒಣ ಹವೆಯಲ್ಲಿ ಯಾವ ಚೀಲವೂ ಪಾಸಾಗುತ್ತದೆ, ಮುಂಬೈಗೆ ಹೋದರೆ ರೊಟ್ಟಿ ಮೆತ್ತಗಾಗುತ್ತದೆ. ಅದಕ್ಕೆ ಮುಚ್ಚಳ ಬಿಗಿಯಾದ ಡಬ್ಬಿಯ ತಳದಲ್ಲಿ, ಇನ್ನು ಕರಗಲಾರದಷ್ಟು ಉಪ್ಪು ಹಾಕಿದ ನೀರಿಟ್ಟೆ. ಹಾಗೆ ಮಾಡಿದರೆ ಒಳಗಿನ ತೇವಾಂಶ 75% ಹತ್ತಿರ ನಿಲ್ಲುತ್ತದೆ. ಅದರ ಮೇಲೆ ಜಾಲರಿ ಇಟ್ಟು, ಸೀಲ್ ಮಾಡಿದ ಪ್ಯಾಕೆಟ್‌ಗಳನ್ನಿಟ್ಟು, ಆಗಾಗ ಚಿನ್ನದಂಗಡಿಯಲ್ಲಿ ಇರುವಂಥ ಸಣ್ಣ ತಕ್ಕಡಿಯಲ್ಲಿ ತೂಗುತ್ತಾ ಹೋದೆ. ತೂಕ ಏರಿದಷ್ಟೂ ನೀರು ಒಳಗೆ ಹೋಗಿದೆ ಅಂತ ಅರ್ಥ. ಗೊಬ್ಬರವಾಗುತ್ತದೆ ಅಂತ ಮಾರುವ ಹಸಿರು ಚೀಲದ್ದು ಎಲ್ಲಕ್ಕಿಂತ ಬೇಗ ಏರಿತು. ಅಂಥವುಗಳಲ್ಲಿ ಬಹಳಷ್ಟಕ್ಕೆ ಕೊಳೆಯಲು 58 ಡಿಗ್ರಿ ಹತ್ತಿರದ ಬಿಸಿ ಬೇಕು, ಹಿತ್ತಲ ತಿಪ್ಪೆಯಲ್ಲಿ ಅದೆಲ್ಲಿ ಸಿಗಬೇಕು? ದಪ್ಪ ಪಾಲಿಥಿನ್ ಮಾತ್ರ ತಡೆದುಕೊಂಡಿತು, ರೊಟ್ಟಿ ಮುರಿದಾಗ ಟಪ್ ಅಂದಿತು. ವೈನಿಗೂ ಖುಷಿ. ಕಾಕಾ ಕೂಡ ಅದನ್ನು ಒಯ್ಯುತ್ತೇನೆ ಅಂದಿದ್ದಾರೆ.

ಚಟ್ನಿಪುಡಿಯನ್ನು ಊರಲ್ಲಿ ಮಾರುವಾಗ ಗಾಜಿನ ಬಾಟಲಿಯಲ್ಲಿ ಕೊಟ್ಟು, ಖಾಲಿ ಬಾಟಲಿ ವಾಪಸ್ ತಗೊಳ್ತಿದ್ದೇವೆ. ಪಾರ್ಸೆಲ್‌ಗೆ ಭಾರ ಜಾಸ್ತಿ, ಒಡೆಯುವ ಭಯ ಬೇರೆ. ಅಲ್ಲಿಗೆ ಹಳೇ ಹೊಳೆಯುವ ಚೀಲವೇ ಹೋಗ್ತಿದೆ, ಬೇಜಾರಿದೆ.

ಈಗ ಸಿಕ್ಕಿಕೊಂಡಿರುವುದು ಲೇಬಲ್‌ನಲ್ಲಿ. ಕಾಗದದ ಸ್ಟಿಕ್ಕರ್ ಅಂಟಿಸಿದರೆ ಕರಗಿಸುವಾಗ ಕಾಗದವೂ ಗೋಂದೂ ಪ್ಲಾಸ್ಟಿಕ್ಕನ್ನು ಕೆಡಿಸುತ್ತವೆ. ದಾರದಲ್ಲಿ ಚೀಟಿ ಕಟ್ಟೋಣ ಅಂದರೆ, ಲೇಬಲ್ ಪ್ಯಾಕೆಟ್‌ನಿಂದ ಬೇರೆಯಾಗಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಉಳಿದಿದ್ದು ಪಾಲಿಥಿನ್‌ನದೇ ಸ್ಟಿಕ್ಕರ್. ಕೇಳಿದ ಪ್ರೆಸ್‌ನವರೆಲ್ಲ ದೊಡ್ಡ ಆರ್ಡರ್ ಆದರೆ ಮಾತ್ರ ಅಂತಾರೆ, ಮನೆಯಲ್ಲಿ ರೊಟ್ಟಿ ಬಡಿಯುವವರಿಗೆ ಅಷ್ಟು ಸ್ಟಿಕ್ಕರ್ ಯಾಕೆ ಬೇಕು ಹೇಳಿ? ಬೆಳಗಾವಿ, ಹುಬ್ಬಳ್ಳಿ ಕಡೆ ಸ್ವಲ್ಪವೇ ಮುದ್ರಿಸಿ ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.